ನೋಟೀಸಿಗೆ ಮುಂಚೆ ಒಂದು ಮಾತು
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ನಾವು ಸಾಲದ ಲೆಕ್ಕ, ಗೊಬ್ಬರದ ಲೆಕ್ಕ ಚೆನ್ನಾಗಿಯೇ ಇಟ್ಟಿದ್ದೇವೆ. ಆದರೆ ಕಂತು ತಪ್ಪಿದವರಿಗೆ ನೋಟೀಸು ಕಳಿಸಿದೆವೇ ಹೊರತು, "ರಾತ್ರಿ ನಿದ್ದೆ ಬರ್ತದೇನಪ್ಪಾ?" ಅಂತ ಕೇಳಲಿಲ್ಲ. ಇದು ನಮ್ಮ ಲೋಪ.

ಮಳೆ ಕೈಕೊಟ್ಟಾಗ, ಬೆಲೆ ಬಿದ್ದಾಗ ಚಿಂತೆ ಸಹಜ. ಅದು ಗಾಣದೆತ್ತಿನ ಹಾಗೆ ಸುತ್ತತೊಡಗಿದರೆ ಮೈಯೂ ಸೋಲುತ್ತದೆ. ಆಗ ಧ್ಯಾನ ಒಂದು ಆಸರೆ. ಖರ್ಚೇನೂ ಇಲ್ಲ. ಬೆಳಿಗ್ಗೆ ಕೊಟ್ಟಿಗೆ ಕೆಲಸಕ್ಕೆ ಮುಂಚೆ ಜಗಲಿಯ ಮೇಲೆ ಹತ್ತು ನಿಮಿಷ ನೆಟ್ಟಗೆ ಕೂತು, ಉಸಿರು ಬರೋದು ಹೋಗೋದು ಗಮನಿಸಬೇಕು. ಮನಸ್ಸು ಸಾಲದ ಕಡೆ, ಬೋರ್‌ವೆಲ್ ಕಡೆ ಓಡ್ತದೆ. ಬೈಯದೆ, ಅಡ್ಡದಾರಿ ಹಿಡಿದ ಕರುವನ್ನು ತಂದ ಹಾಗೆ, ಮತ್ತೆ ಉಸಿರಿಗೆ ಕರೆತರಬೇಕು. ಇದರಿಂದ ಸಾಲ ತೀರೋದಿಲ್ಲ. ತೀರಿಸುವ ದಾರಿ ಯೋಚಿಸಲು ಸಮಾಧಾನ ಸಿಗುತ್ತದೆ.

ಒಂದು ಎಚ್ಚರಿಕೆ. ಧ್ಯಾನ ಔಷಧಿಗೆ ಬದಲಲ್ಲ. ಮಾತ್ರೆ ತಗೊಳ್ಳುವವರು ತಾವಾಗಿ ಬಿಡಬಾರದು. ಕೂತಾಗ ಭಯ ಹೆಚ್ಚಾದರೆ ನಿಲ್ಲಿಸಬೇಕು. ಎರಡು ವಾರವಾದರೂ ನಿದ್ದೆ, ಊಟ, ಕೆಲಸ ಬೇಡವಾಗಿದ್ದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬಾರದು, ಅಂಥವರನ್ನು ಒಂಟಿ ಬಿಡಬಾರದು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇನ್ನು ಮುಂದೆ ನೋಟೀಸಿಗೆ ಮುಂಚೆ ನಾವೇ ಮನೆಗೆ ಬಂದು ಮಾತಾಡಿಸುತ್ತೇವೆ. ನೀವೂ ನೆರೆಮನೆಯವರನ್ನು ವಿಚಾರಿಸಿ. ಸಹಕಾರ ಅಂದರೆ ಇದೇ ತಾನೇ?