ಹೂವು ನೋಡ್ಲಿಕ್ಕೆ ಹೋಗೋಣ ಬರ್ರಿ

ಇವತ್ತು ಒಂದು ಪ್ರವಾಸದ ಮಾತು ಹೇಳ್ತೀನಿ. ನಾವು ತುಳಜಾಪುರಕ್ಕೆ ಹೋಗ್ತೀವಿ. ಪಂಢರಪುರಕ್ಕೆ ಹೋಗ್ತೀವಿ. ಅದು ದೇವರ ಯಾತ್ರೆ. ಬರೀ ಹೂವು ನೋಡಬೇಕು ಅಂತ ಊರು ಬಿಟ್ಟು ಹೋಗುವ ಜನರೂ ಇದ್ದಾರೆ. "ಹೂವು ನೋಡ್ಲಿಕ್ಕೆ ರೊಕ್ಕ ಖರ್ಚು ಮಾಡ್ಬೇಕೇನ್ರಿ? ನಮ್ಮ ಹೊಲದಾಗ ಹೂವು ಇಲ್ಲೇನು?" ಅಂತ ನೀವು ಕೇಳಬಹುದು. ಕೇಳಬೇಕಾದ ಮಾತೇ ಅದು.

ಹಾಗಾದರೆ ಮೊದಲು ನಮ್ಮ ಹೊಲಕ್ಕೇ ಹೋಗೋಣ. ಉಮರ್ಗಾ, ನಿಲಂಗಾ, ಉದಗೀರ ಕಡೆ ಕರಿ ಮಣ್ಣಿನ ಭೂಮಿ ಬಹಳ. ಹಿಂಗಾರಿಗೆ ಜೋಳ, ಕಡಲೆ, ಕುಸುಬಿ ಬಿತ್ತುತ್ತೇವೆ. ಕುಸುಬಿಗೆ ಮರಾಠಿ ಆಡುಮಾತಿನಲ್ಲಿ ಕರಡಿ ಅಂತಾರೆ. ಕನ್ನಡದ ಕರಡಿಗೆ ಉಗುರು, ಮರಾಠಿ ಕರಡಿಗೆ ಮುಳ್ಳು! ಅದಕ್ಕೇ ಹಿರಿಯರು ಜೋಳದ ಹೊಲದ ಸುತ್ತ ಕುಸುಬಿ ಸಾಲು ಹಾಕುತ್ತಿದ್ದರು. ಮುಳ್ಳಿಗೆ ಹೆದರಿ ದನ ಒಳಗೆ ಬರುತ್ತಿರಲಿಲ್ಲ.

ಸಂಕ್ರಾಂತಿ ಸುಮಾರಿಗೆ ಕುಸುಬಿ ಹೂ ಬಿಡುತ್ತದೆ. ಮೊದಲು ಹಳದಿ. ಬಾಡುತ್ತ ಬಂದ ಹಾಗೆ ಕೆಂಪು. ಜೇನುಹುಳ ಹೂವಿನ ಮೇಲೆ ಕೂಡುತ್ತವೆ. ಹೂ ಬಾಡಿದ ಮೇಲೆ ಒಳಗೆ ಕಾಳು ಬಲಿಯುತ್ತದೆ. ಆ ಕಾಳಿನಿಂದ ಎಣ್ಣೆ. ಹೂವಿನ ತಲೆ ಮುರಿದರೆ ಕಾಳಿಲ್ಲ, ಎಣ್ಣೆ ಇಲ್ಲ. ಇದು ರೈತರಿಗೆಲ್ಲ ಗೊತ್ತು. ಈಗ ಸೋಯಾಬೀನ್, ಕಡಲೆ ಹೆಚ್ಚಾಗಿ ಕುಸುಬಿ ಕಡಿಮೆಯಾಗಿದೆ. ಹೀಗಾಗಿ ನಮ್ಮ ಮಕ್ಕಳಿಗೂ ಕುಸುಬಿ ಹೊಲವನ್ನು ಕರೆದುಕೊಂಡು ಹೋಗಿ ತೋರಿಸುವ ಕಾಲ ಬಂದಿದೆ.

ಇನ್ನು ದೂರದ ಹೂವಿನ ಮಾತು. ಚಳಿ ಪ್ರದೇಶಗಳಲ್ಲಿ ಹಿಮ ಕರಗಿದ ಮೇಲೆ ವಸಂತದಲ್ಲಿ ಹೂವು ಬರುತ್ತವೆ. ಕಾಶ್ಮೀರದ ಶ್ರೀನಗರದಲ್ಲಿ ದಾಲ್ ಸರೋವರದ ಹತ್ತಿರ 2007ರಲ್ಲಿ ದೊಡ್ಡ ಟ್ಯೂಲಿಪ್ ಹೂದೋಟ ತೆರೆದರು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಅದನ್ನು ನೋಡಲು ಜನ ಹೋಗುತ್ತಾರೆ. ನಮ್ಮಲ್ಲಿ ಆ ಹೊತ್ತಿಗೆ ರಾಶಿ ಮುಗಿದು ಹೊಲ ಬರಿದಾಗಿರುತ್ತದೆ. ಬೇವು, ಮುತ್ತಲ ಗಿಡಗಳಲ್ಲಿ ಮಾತ್ರ ಹೂವು. ನಮ್ಮ ಕಡೆ ನೆಲದ ಹೂವಿಗೆ ಮಳೆಯೇ ವಸಂತ.

ಮಳೆ ತಂದ ಹೂವು ನೋಡಬೇಕಾದರೆ ನಮ್ಮ ಮಹಾರಾಷ್ಟ್ರದಲ್ಲೇ ಒಂದು ಜಾಗವಿದೆ. ಹೆಸರು ಕಾಸ್ ಪಠಾರ. ಪಠಾರ ಅಂದರೆ ಎತ್ತರದ ಬಯಲು. ಉಮರ್ಗಾದಿಂದ ಸೋಲಾಪುರ, ಪಂಢರಪುರ ದಾಟಿ ಸಾತಾರಾಕ್ಕೆ ಹೋಗಬೇಕು. ಸಾತಾರಾದಿಂದ ಸುಮಾರು 25 ಕಿಲೋಮೀಟರು ಘಟ್ಟ ಹತ್ತಬೇಕು.

ಅಲ್ಲಿ ಬಿತ್ತಿದವರು ಯಾರೂ ಇಲ್ಲ. ಕೆಳಗೆ ಬಂಡೆ, ಮೇಲೆ ತೆಳ್ಳಗೆ ಮಣ್ಣು. ಮಳೆ ಬಿದ್ದ ಮೇಲೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ ಬಯಲೆಲ್ಲ ಹೂವು. ನೇರಳೆ, ಹಳದಿ, ಬಿಳಿ, ಗುಲಾಬಿ. 850ಕ್ಕೂ ಹೆಚ್ಚು ಜಾತಿಯ ಗಿಡಗಳು ಅಲ್ಲಿ ಇವೆ ಅಂತ ಲೆಕ್ಕ ಮಾಡಿದ್ದಾರೆ. ಕೆಲವು ಪುಟ್ಟ ಗಿಡ ಹುಳ ಹಿಡಿದು ತಿನ್ನುತ್ತವೆ. ಮಣ್ಣಿನಲ್ಲಿ ಸತ್ವ ಸಾಲದ್ದಕ್ಕೆ ಅವು ಹೀಗೆ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಟೋಪಲಿ ಕಾರವಿ ಎಂಬ ಗಿಡ ಏಳು ವರ್ಷಕ್ಕೊಮ್ಮೆ ಹೂ ಬಿಡುತ್ತದೆ. ಪಶ್ಚಿಮ ಘಟ್ಟದ ಹಲವು ಜಾಗಗಳ ಜೊತೆ ಕಾಸ್ ಪಠಾರವೂ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಹೆಸರು ಬಂತು, ಜನ ಬಂದರು. ಫೋಟೋ ತೆಗೆಸಿಕೊಳ್ಳಲು ಹೂವಿನ ನಡುವೆ ಕೂತರು, ಮಲಗಿದರು. ಒಬ್ಬರು ಒಂದು ಹೆಜ್ಜೆ ಇಟ್ಟರೆ ಏನಾಯ್ತು ಅನ್ನಬಹುದು. ಸಾವಿರ ಜನ ಸಾವಿರ ಹೆಜ್ಜೆ ಇಟ್ಟರೆ? ಅಲ್ಲಿನ ಬಹಳಷ್ಟು ಗಿಡ ಒಂದೇ ಮಳೆಗಾಲ ಬದುಕುತ್ತವೆ. ಬೀಜ ಉದುರುವ ಮೊದಲೇ ತುಳಿದರೆ ಮುಂದಿನ ವರ್ಷಕ್ಕೆ ಬೀಜ ಎಲ್ಲಿಂದ ಬರಬೇಕು? ಅದಕ್ಕೇ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿದರು. ಪ್ರವೇಶ ಶುಲ್ಕ ಇಟ್ಟರು. ಸುತ್ತಲಿನ ಹಳ್ಳಿಗಳ ಸಮಿತಿಯವರು ಅರಣ್ಯ ಇಲಾಖೆಯ ಜೊತೆ ಸೇರಿ ಕಾವಲು ಕಾಯುತ್ತಾರೆ, ಹೂವಿನ ಹೆಸರು ಹೇಳಿ ತೋರಿಸುತ್ತಾರೆ. ಹಳ್ಳಿಯವರಿಗೂ ನಾಲ್ಕು ಕಾಸು ಸಿಗುತ್ತದೆ.

ಕಾಸ್ ಪಠಾರದ ಹೂವು ಕಾಡಿನದು. ರೈತರ ಹೊಲಕ್ಕೂ ಪ್ರವಾಸಿಗರು ಬರುತ್ತಾರೆ. ಕರ್ನಾಟಕದ ಚಾಮರಾಜನಗರ ಜಿಲ್ಲೆಯಲ್ಲಿ ಗುಂಡ್ಲುಪೇಟೆ ಇದೆ. ಮೈಸೂರಿನಿಂದ ಊಟಿಗೆ ಹೋಗುವ ದಾರಿಯ ಊರು. ಜೂನ್, ಜುಲೈ ಹೊತ್ತಿಗೆ ರಸ್ತೆಯ ಎರಡೂ ಕಡೆ ಸೂರ್ಯಕಾಂತಿ, ಚೆಂಡು ಹೂವಿನ ಹೊಲ. ಕೇರಳದಿಂದಲೂ ಜನ ಬಂದು ಗಾಡಿ ನಿಲ್ಲಿಸಿ ಹೊಲಕ್ಕೆ ಇಳಿಯುತ್ತಾರೆ. ಬೆಳೆ ತುಳಿದು ಹಾಳಾಗುವುದು ನೋಡಿ ಕೆಲವು ರೈತರು ಫೋಟೋಗೆ ಇಷ್ಟು ರೊಕ್ಕ ಅಂತ ದರ ಇಟ್ಟರು. ಅದರಲ್ಲಿ ತಪ್ಪೇನಿಲ್ಲ. ನೋಡುವವರಿಗೆ ಅದು ಚಂದ. ಬೆಳೆದವರಿಗೆ ಅದು ವರ್ಷದ ಅನ್ನ.

ನಾವು ಹೊಲದ ಮಂದಿ. ನಮ್ಮ ಕುಸುಬಿ ಹೊಲದಲ್ಲಿ ಬೇರೆಯವರು ಕುಣಿದರೆ ನಮಗೆ ಹೊಟ್ಟೆ ಉರಿಯುವುದಿಲ್ಲವೇ? ಹಾಗೇ ಬೇರೆಯವರ ಹೂವನ್ನೂ ನೋಡಬೇಕು. ಕಾಲುದಾರಿ ಬಿಟ್ಟು ಇಳಿಯಬಾರದು. ಮುಡಿಯಲಿಕ್ಕೆ ಅಂತ ಒಂದು ಹೂವೂ ಕೀಳಬಾರದು. ರೈತರ ಹೊಲವಾದರೆ ಕೇಳಿಯೇ ಒಳಗೆ ಹೋಗಬೇಕು. ಬುತ್ತಿ ಕಟ್ಟಿದ ಪ್ಲಾಸ್ಟಿಕ್ ಚೀಲ ವಾಪಸ್ ಮನೆಗೆ ತರಬೇಕು.

ಹೋಗುವವರಿಗೆ ಇನ್ನೂ ಎರಡು ಮಾತು. ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೇಟು 2023ರ ಮಾರ್ಚಿನಲ್ಲಿ ಜಾರಿಗೆ ಬಂತು. ಟಿಕೇಟು ಕೈಗೆ ಬಂದ ಕೂಡಲೇ ಅದರ ಮೇಲಿನ ಅಂಕಿ ಓದಿ, ಲೆಕ್ಕ ನೋಡಿ. ಕಾಸ್ ಪಠಾರಕ್ಕೆ ಹೂವಿನ ದಿನಗಳಲ್ಲಿ ಇಂಟರ್‌ನೆಟ್‌ನಲ್ಲಿ ಮೊದಲೇ ಹೆಸರು ಬರೆಸಬೇಕು. ಮೊಬೈಲ್ ಬಲ್ಲ ಮಕ್ಕಳಿಂದ ಬರೆಸಿ. ಅಲ್ಲಿನ ಫಲಕಗಳು ಮರಾಠಿಯಲ್ಲಿ ಇರುತ್ತವೆ. ಕನ್ನಡ ಅಕ್ಷರ ಕಲಿತವರಿಗೆ ಮರಾಠಿ ಅಕ್ಷರ ದೂರವೇನಲ್ಲ. ಕ, ಖ, ಗ, ಘ ಅದೇ ಸಾಲು, ಬರೆಯುವ ರೀತಿ ಬೇರೆ. ದಿನಕ್ಕೆ ಎರಡು ಅಕ್ಷರ ಮಕ್ಕಳ ಹತ್ತಿರ ಹೇಳಿಸಿಕೊಳ್ಳಿ. "ಹೂವು ಕೀಳಬೇಡಿ" ಅನ್ನುವ ಫಲಕ ನಾವೇ ಓದಿದರೆ ಯಾರೂ ನಮಗೆ ಬೈದು ಹೇಳಬೇಕಾಗಿಲ್ಲ.

ದೂರ ಹೋಗಲು ಆಗದವರು ಜನವರಿಯಲ್ಲಿ ಹತ್ತಿರದ ಕುಸುಬಿ ಹೊಲಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಬದುವಿನ ಮೇಲೆ ನಿಂತು ತೋರಿಸಿ. ಎಲ್ಲಿಗೆ ಹೋದರೂ ಬಂದ ಮೇಲೆ ನಾಲ್ಕು ಸಾಲು ಬರೆಯಿರಿ. ಹೂವಿನ ಹೆಸರು, ಬಣ್ಣ, ನೋಡಿದ ದಿನ, ಖರ್ಚಾದ ರೊಕ್ಕ. ಬರೆದದ್ದನ್ನು ಕಲಿಕೆಯ ಕೇಂದ್ರಕ್ಕೆ ತನ್ನಿ. ಎಲ್ಲರೂ ಕೂಡಿ ಓದೋಣ.