ಮುಚ್ಚಿಟ್ಟ ವರದಿ: ಒಂದು ವಿಮಾನಾಪಘಾತದ ಕಥೆ

(ವಾಚನಾಲಯದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಯುದ್ಧ ಮುಗಿದರೂ ಯುದ್ಧದ ಯಂತ್ರಗಳು ಸುಮ್ಮನೆ ಕೂಡುವುದಿಲ್ಲ. ಎರಡನೆಯ ಮಹಾಯುದ್ಧ 1945ರಲ್ಲಿ ನಿಂತಿತು. ಆದರೆ ಅವಸರದಲ್ಲಿ ಕಟ್ಟಿದ ವಿಮಾನಗಳು ಹಾರುತ್ತಲೇ ಇದ್ದವು. ಅವುಗಳನ್ನು ನೋಡಿಕೊಳ್ಳುತ್ತಿದ್ದ ನುರಿತ ಕೈಗಳಲ್ಲಿ ಎಷ್ಟೋ ಸೇನೆಯನ್ನು ಬಿಟ್ಟು ಮನೆಗೆ ಮರಳಿದ್ದವು. ಆ ವರ್ಷಗಳಲ್ಲಿ ಬಿದ್ದ ಸೈನಿಕ ವಿಮಾನಗಳ ಕಥೆ ಒಂದು ಸಂಜೆಯಲ್ಲಿ ಮುಗಿಯುವಂಥದಲ್ಲ. ಆದುದರಿಂದ ನಾವು ಇಂದು ಅಮೆರಿಕದ ಎರಡೇ ಅಪಘಾತಗಳನ್ನು ತೆಗೆದುಕೊಂಡಿದ್ದೇವೆ. ಒಂದು, ಹೊಸದೊಂದು ಕಾನೂನಿಗೆ ಒತ್ತಾಸೆಯಾಯಿತು. ಇನ್ನೊಂದು, ಆ ಕಾನೂನು ತೆರೆದ ಬಾಗಿಲಿಗೇ ಬೀಗ ಬೀಳಲು ಕಾರಣವಾಯಿತು.

ಮೊದಲನೆಯದು ನಡೆದಾಗ ಜಪಾನಿನೊಡನೆ ಯುದ್ಧ ಇನ್ನೂ ಮುಗಿದಿರಲಿಲ್ಲ. 1945ರ ಜುಲೈ 28, ಶನಿವಾರ ಬೆಳಿಗ್ಗೆ. ನ್ಯೂಯಾರ್ಕ್ ನಗರದ ಮೇಲೆ ದಟ್ಟವಾದ ಮಂಜು. ಬಿ-25 ಎಂಬ ಎರಡು ಇಂಜಿನುಗಳ ಬಾಂಬರ್ ವಿಮಾನವೊಂದು ದಾರಿ ಕಾಣದೆ ಕೆಳಗಿಳಿದು, ಎಂಪೈರ್ ಸ್ಟೇಟ್ ಕಟ್ಟಡದ 79ನೆಯ ಅಂತಸ್ತಿನ ಬಳಿ ಅಪ್ಪಳಿಸಿತು. ವಿಮಾನದಲ್ಲಿದ್ದ 3 ಮಂದಿಯೂ, ಕಚೇರಿಗಳಲ್ಲಿ ಕೆಲಸಕ್ಕೆ ಬಂದಿದ್ದ 11 ಮಂದಿಯೂ ಸತ್ತರು. ಅವರ ಮನೆಯವರು ಪರಿಹಾರ ಕೇಳಬೇಕಾದುದು ಯಾರನ್ನು? ವಿಮಾನ ಸರ್ಕಾರದ್ದು. ಅಮೆರಿಕದ ಆಗಿನ ಕಾನೂನಿನ ಪ್ರಕಾರ, ಸರ್ಕಾರ ತಾನಾಗಿ ಒಪ್ಪದೆ ಅದರ ಮೇಲೆ ದಾವಾ ಹೂಡುವಂತಿರಲಿಲ್ಲ. ಅರಸನು ತಪ್ಪು ಮಾಡಲಾರನೆಂಬ ಹಳೆಯ ಇಂಗ್ಲಿಷ್ ಭಾವನೆಯು ಅರಸನೇ ಇಲ್ಲದ ದೇಶದಲ್ಲಿಯೂ ಉಳಿದುಕೊಂಡಿದ್ದಿತು. ಇದನ್ನು ಬದಲಾಯಿಸಬೇಕೆಂಬ ಮಸೂದೆ ಬಹುಕಾಲದಿಂದ ಚರ್ಚೆಯಲ್ಲಿತ್ತು. ಕಡೆಗೆ 1946ರ ಆಗಸ್ಟಿನಲ್ಲಿ ಅದು ಕಾನೂನಾಯಿತು. ಸರ್ಕಾರದ ನೌಕರನ ಅಜಾಗರೂಕತೆಯಿಂದ ನಷ್ಟವಾದರೆ, ಖಾಸಗಿ ಮನುಷ್ಯನ ಮೇಲೆ ಹೂಡುವಂತೆಯೇ ಸರ್ಕಾರದ ಮೇಲೂ ದಾವಾ ಹೂಡಬಹುದು ಎಂಬುದು ಅದರ ಸಾರ. 1945ರ ಜನವರಿ 1ರಿಂದ ನಡೆದ ಘಟನೆಗಳಿಗೂ ಅದು ಅನ್ವಯಿಸಿತು. ಆದ್ದರಿಂದ ಆ ಶನಿವಾರದ ನೊಂದವರಿಗೂ ನ್ಯಾಯಾಲಯದ ಬಾಗಿಲು ತೆರೆಯಿತು.

ಇನ್ನು ಎರಡನೆಯದು. ಬಿ-29 ಎಂಬ ಹೆಸರನ್ನು ತಾವು ಕೇಳಿರುತ್ತೀರಿ. ಹಿರೋಷಿಮಾ ನಾಗಸಾಕಿಗಳ ಮೇಲೆ ಅಣುಬಾಂಬು ಎಸೆದ ವಿಮಾನ ಆ ಜಾತಿಯದು. ಅದಕ್ಕೂ ನಮ್ಮ ದೇಶಕ್ಕೂ ಸಂಬಂಧವುಂಟು. 1944ರ ಜೂನ್ 5ರಂದು ಬಿ-29 ವಿಮಾನಗಳು ಮೊಟ್ಟಮೊದಲ ಬಾರಿಗೆ ದಾಳಿಗೆ ಹೊರಟದ್ದು ಬಂಗಾಳದ ಖರಗ್‌ಪುರದ ಸುತ್ತಲಿನ ನೆಲೆಗಳಿಂದ, ಗುರಿ ಬ್ಯಾಂಕಾಕ್. ನಾಲ್ಕು ಇಂಜಿನುಗಳ ಈ ದೈತ್ಯ ವಿಮಾನಕ್ಕೆ ಹುಟ್ಟಿನಿಂದಲೇ ಒಂದು ರೋಗವಿತ್ತು. ಇಂಜಿನು ಬೇಗ ಕಾಯುತ್ತಿತ್ತು, ಹೊತ್ತಿಕೊಳ್ಳುತ್ತಿತ್ತು. 1943ರ ಫೆಬ್ರವರಿ 18ರಂದು ಪರೀಕ್ಷೆಯ ಹಾರಾಟದಲ್ಲಿ ಬೆಂಕಿ ಹತ್ತಿ ಸಿಯಾಟಲ್ ನಗರದ ಒಂದು ಮಾಂಸದ ಕಾರ್ಖಾನೆಯ ಮೇಲೆ ಒಂದು ಬಿ-29 ಬಿದ್ದಿತು. ಪರೀಕ್ಷಾ ಚಾಲಕ ಎಡ್ಡಿ ಆಲನ್ನರೂ ಜೊತೆಯ ಹತ್ತು ಮಂದಿಯೂ ತೀರಿಕೊಂಡರು; ನೆಲದ ಮೇಲಿದ್ದವರೂ ಸತ್ತರು. ಯುದ್ಧದ ಒತ್ತಡದಲ್ಲಿ ಕಾಯಲು ವ್ಯವಧಾನವಿರಲಿಲ್ಲ. ವಿಮಾನಗಳನ್ನು ಕಟ್ಟುತ್ತಲೇ ದೋಷಗಳನ್ನು ತಿದ್ದುತ್ತ ಹೋದರು.

ಹೀಗೆ ತಿದ್ದುವ ಕ್ರಮವನ್ನು ಎರಡು ಮಾತಿನಲ್ಲಿ ಹೇಳಬೇಕು. ಮುಂದಿನ ಕಥೆಗೆ ಅದೇ ಕೀಲಿ. ಒಂದು ಜಾತಿಯ ವಿಮಾನದಲ್ಲಿ ಅಪಾಯಕರವಾದ ದೋಷ ಕಂಡುಬಂದರೆ, ಇಂಥ ಭಾಗವನ್ನು ಹೀಗೆ ಬದಲಾಯಿಸತಕ್ಕದ್ದು ಎಂದು ತಾಂತ್ರಿಕ ಆಜ್ಞೆ ಹೊರಡುತ್ತದೆ. ಬಿ-29ರ ವಿಷಯದಲ್ಲಿಯೂ ಅಂಥ ಆಜ್ಞೆಗಳು ಹೊರಟಿದ್ದವು. ಇಂಜಿನಿನ ಸುಟ್ಟ ಅನಿಲ ಹೊರಹೋಗುವ ಕೊಳವೆಗಳ ಜೋಡಣೆಯನ್ನು ಬದಲಾಯಿಸಿ, ಶಾಖವನ್ನು ತಡೆಯುವ ತಗಡುಗಳನ್ನು ಹಾಕಬೇಕು. ಇಲ್ಲವಾದರೆ ಬೆಂಕಿಯ ಭಯ ಉಂಟು. ಆಜ್ಞೆ ಕಾಗದದ ಮೇಲೆ ಇದ್ದರೆ ಸಾಲದು. ತಿರುಪುಳಿ ಹಿಡಿದವನು ಅದನ್ನು ಮಾಡಿ ಮುಗಿಸಬೇಕು. ಬೆಂಗಳೂರಿನ ವಿಮಾನ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ದುರಸ್ತಿ ಮಾಡಿಕೊಟ್ಟದ್ದು ಪ್ರಸಿದ್ಧವಾಗಿದೆ. ಅಂಥ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ.

1948ರ ಅಕ್ಟೋಬರ್ 6ರ ಮಧ್ಯಾಹ್ನ ಜಾರ್ಜಿಯಾ ಸಂಸ್ಥಾನದ ರಾಬಿನ್ಸ್ ನೆಲೆಯಿಂದ ಒಂದು ಬಿ-29 ಮೇಲೆದ್ದಿತು. ಗುಪ್ತವಾದ ಇಲೆಕ್ಟ್ರಾನಿಕ್ ಉಪಕರಣವೊಂದರ ಪರೀಕ್ಷೆ ಅದರ ಕೆಲಸ. ವಾಯುಪಡೆಯ 9 ಮಂದಿಯ ಜೊತೆಗೆ ಸೇನೆಗೆ ಸೇರದ 4 ಮಂದಿ ತಜ್ಞರೂ ಅದರಲ್ಲಿದ್ದರು. ವಿಮಾನ ಎತ್ತರಕ್ಕೆ ಏರುತ್ತಿದ್ದಾಗ ಒಂದು ಇಂಜಿನಿಗೆ ಬೆಂಕಿ ಹತ್ತಿತು. ಸ್ವಲ್ಪ ಹೊತ್ತಿಗೆ ಅದು ವೇಕ್ರಾಸ್ ಎಂಬ ಊರಿನ ಹತ್ತಿರ ಚೂರುಚೂರಾಗಿ ಬಿದ್ದಿತು. ಪ್ಯಾರಾಚೂಟಿನಿಂದ ಇಳಿದು ಉಳಿದವರು 4 ಮಂದಿ. ಸತ್ತವರು 9 ಮಂದಿ. ಅವರಲ್ಲಿ 3 ಮಂದಿ ಆ ತಜ್ಞರು.

ಆ ಮೂವರ ವಿಧವೆಯರು 1946ರ ಕಾನೂನಿನ ಆಧಾರದಿಂದ ಫಿಲಡೆಲ್ಫಿಯಾದಲ್ಲಿ ಸರ್ಕಾರದ ಮೇಲೆ ದಾವಾ ಹೂಡಿದರು. ಅವರು ಕೇಳಿದ್ದು ಸರಳವಾದ ಒಂದು ಸಂಗತಿ: ವಿಮಾನ ಏಕೆ ಬಿದ್ದಿತೆಂದು ವಾಯುಪಡೆ ವಿಚಾರಣೆ ನಡೆಸಿ ಬರೆದ ವರದಿಯನ್ನು ತೋರಿಸಿ. ಆಕಾಶದಲ್ಲಿ ನಡೆದುದಕ್ಕೆ ಹೆಂಡಂದಿರು ಸಾಕ್ಷಿ ತರುವುದೆಲ್ಲಿಂದ? ಅಜಾಗರೂಕತೆಯನ್ನು ರುಜುವಾತು ಮಾಡುವ ಹೊಣೆ ಅವರ ಮೇಲೆ. ರುಜುವಾತು ಇದ್ದದ್ದು ಪ್ರತಿವಾದಿಯ ಪೆಟ್ಟಿಗೆಯಲ್ಲಿ.

ವಾಯುಪಡೆ ಕೊಡಲಿಲ್ಲ. ವರದಿ ಹೊರಬಂದರೆ ರಾಷ್ಟ್ರದ ಭದ್ರತೆಗೂ ಗುಪ್ತ ಉಪಕರಣದ ಬೆಳವಣಿಗೆಗೂ ಧಕ್ಕೆಯಾದೀತೆಂದು ಇಲಾಖೆ ವಾದಿಸಿತು. ಬದುಕಿ ಉಳಿದ ವಾಯುಪಡೆಯವರನ್ನು ಬೇಕಾದರೆ ಸಾಕ್ಷ್ಯಕ್ಕೆ ಒದಗಿಸುತ್ತೇವೆ ಎಂದಿತು. ಜಿಲ್ಲಾ ನ್ಯಾಯಾಧೀಶ ವಿಲಿಯಂ ಕರ್ಕ್‌ಪ್ಯಾಟ್ರಿಕ್ಕರು ನಡುದಾರಿಯೊಂದನ್ನು ಹುಡುಕಿದರು: ವಾದಿಗಳಿಗೆ ತೋರಿಸುವುದು ಬೇಡ, ಮೊದಲು ನಮಗೆ ಏಕಾಂತದಲ್ಲಿ ತೋರಿಸಿ, ಗುಟ್ಟು ಇದೆಯೋ ಇಲ್ಲವೋ ನಾವು ನೋಡುತ್ತೇವೆ. ಅದಕ್ಕೂ ಸರ್ಕಾರ ಒಪ್ಪಲಿಲ್ಲ. ನ್ಯಾಯಾಧೀಶರು ವಿಧವೆಯರ ಕಡೆ ತೀರ್ಪು ಕೊಟ್ಟು, ಒಟ್ಟು 2,25,000 ಡಾಲರ್ ಪರಿಹಾರ ವಿಧಿಸಿದರು. 1951ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಗುಟ್ಟಿನ ಮಾತಿನಲ್ಲಿ ಸರ್ಕಾರವೇ ಕಡೆಯ ತೀರ್ಪುಗಾರನಾದರೆ ನ್ಯಾಯಾಂಗದ ಅಧಿಕಾರವೇ ಕೈಬಿಟ್ಟಂತೆ ಎಂಬುದು ಅದರ ತಾತ್ಪರ್ಯ.

ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಕೊರಿಯಾ ಯುದ್ಧ ನಡೆಯುತ್ತಿದ್ದ ಕಾಲ. 1953ರ ಮಾರ್ಚ್ 9ರಂದು ಮುಖ್ಯ ನ್ಯಾಯಮೂರ್ತಿ ಫ್ರೆಡ್ ವಿನ್ಸನ್ನರು ತೀರ್ಪನ್ನು ಓದಿದರು. ಮೂವರು ವಿಧವೆಯರಲ್ಲಿ ಒಬ್ಬರ ಹೆಸರಿನಿಂದ ಇದು ರೆನಾಲ್ಡ್ಸ್ ಪ್ರಕರಣವೆಂದು ಪ್ರಸಿದ್ಧವಾಗಿದೆ. ಗುಟ್ಟಿನ ಹಕ್ಕನ್ನು ಇಲಾಖೆಯ ಮುಖ್ಯಸ್ಥನೇ ಸ್ವತಃ ವಿಚಾರಮಾಡಿ ವಿಧಿವತ್ತಾಗಿ ಸಾಧಿಸಬೇಕು. ಅದು ಸಲ್ಲುವುದೋ ಇಲ್ಲವೋ ಎಂಬುದನ್ನು ನ್ಯಾಯಾಲಯ ನಿರ್ಣಯಿಸಬೇಕು. ಇಷ್ಟರವರೆಗೆ ಸರಿ. ಆದರೆ ಸೈನಿಕ ರಹಸ್ಯ ಹೊರಬೀಳುವ ಅಪಾಯವಿದೆಯೆಂದು ಸಂದರ್ಭದಿಂದ ತೋರಿದರೆ, ನ್ಯಾಯಾಧೀಶನು ಏಕಾಂತದಲ್ಲಿ ಕೂಡ ದಾಖಲೆಯನ್ನು ನೋಡಬೇಕೆಂದು ಹಟಹಿಡಿಯಬಾರದು. ಆರು ಮಂದಿ ನ್ಯಾಯಮೂರ್ತಿಗಳು ಹೀಗೆಂದರು. ಬ್ಲ್ಯಾಕ್, ಫ್ರಾಂಕ್‌ಫರ್ಟರ್, ಜ್ಯಾಕ್ಸನ್ ಈ ಮೂವರು ಒಪ್ಪಲಿಲ್ಲ. ವರದಿಯನ್ನು ತೆರೆದು ನೋಡದೆಯೇ ತೀರ್ಪಾಯಿತು.

ಆ ತೀರ್ಪಿಗೆ ಇಂಗ್ಲೆಂಡಿನ ಒಂದು ಮೊಕದ್ದಮೆಯೂ ಆಧಾರವಾಗಿತ್ತು. 1939ರ ಜೂನ್ 1ರಂದು ಥೀಟಿಸ್ ಎಂಬ ಜಲಾಂತರ್ಗಾಮಿ ಮುಳುಗಿ 99 ಮಂದಿ ಸತ್ತರು. ಅವರ ಮನೆಯವರು ದಾವಾ ಹೂಡಿದಾಗ, ನೌಕಾ ಇಲಾಖೆ ಬೇಡವೆಂದರೆ ದಾಖಲೆಯನ್ನು ಕೇಳುವಂತಿಲ್ಲವೆಂದು 1942ರಲ್ಲಿ ತೀರ್ಮಾನವಾಗಿತ್ತು. ಅಲ್ಲಿ ಮುಚ್ಚಿಟ್ಟ ಕಾಗದಗಳಲ್ಲಿ ಯುದ್ಧಕಾಲದ ಜಲಾಂತರ್ಗಾಮಿಯ ನಕ್ಷೆಗಳಿದ್ದವು. ಅದು ನಿಜವಾದ ಗುಟ್ಟು. ವೇಕ್ರಾಸಿನ ವರದಿಯಲ್ಲಿ ಏನಿತ್ತು?

ವಿಧವೆಯರಿಗೆ ತಿಳಿಯಲಿಲ್ಲ. ಮತ್ತೆ ಮೊದಲಿನಿಂದ ಹೋರಾಡುವ ಬದಲು ಅವರು 1953ರಲ್ಲಿ ಒಟ್ಟು 1,70,000 ಡಾಲರಿಗೆ ರಾಜಿಯಾದರು. ಮೊದಲ ತೀರ್ಪಿಗಿಂತ 55,000 ಡಾಲರ್ ಕಡಮೆ. ಆದರೆ ಮೊಕದ್ದಮೆ ಮುಗಿದರೂ ಸೂತ್ರ ಉಳಿಯಿತು. ಮುಂದಿನ ದಶಕಗಳಲ್ಲಿ ಅಮೆರಿಕದ ಸರ್ಕಾರ ಗುಟ್ಟಿನ ಹೆಸರು ಹೇಳಿದಾಗಲೆಲ್ಲ ಎದುರಿಗೆ ಬಂದು ನಿಲ್ಲುವ ತೀರ್ಪು ಇದೇ.

ಇನ್ನು ಕೇಳಿ. 1990ರ ದಶಕದಲ್ಲಿ ಆ ವರದಿಯ ಮೇಲಿನ ಗೋಪ್ಯದ ಮುದ್ರೆ ತೆಗೆಯಲ್ಪಟ್ಟಿತು. ಅಪಘಾತದಲ್ಲಿ ತೀರಿಕೊಂಡ ತಜ್ಞರೊಬ್ಬರಿಗೆ ಆಗ ಎಳೆಯ ಕೂಸಾಗಿದ್ದ ಮಗಳೊಬ್ಬಳಿದ್ದಳು. ತಂದೆಯ ಮುಖವನ್ನೇ ಅರಿಯದ ಆಕೆ, 2000ದಲ್ಲಿ ಹಳೆಯ ವಿಮಾನಾಪಘಾತಗಳ ದಾಖಲೆಗಳನ್ನು ಅಂತರ್ಜಾಲದಲ್ಲಿ ಹುಡುಕಿ ಆ ವರದಿಯನ್ನು ತರಿಸಿಕೊಂಡರು. ಐವತ್ತಕ್ಕೂ ಮೀರಿದ ವಯಸ್ಸಿನಲ್ಲಿ, ತಾಯಿಗೆ ದೊರೆಯದ ಕಾಗದ ಮಗಳ ಕೈ ಸೇರಿತು.

ಅದರಲ್ಲಿ ಗುಪ್ತ ಉಪಕರಣದ ರಚನೆಯ ವಿವರ ಇರಲಿಲ್ಲ. ಇದ್ದದ್ದು ಇದು: ಶಾಖ ತಡೆಯುವ ತಗಡುಗಳನ್ನು ಹಾಕಬೇಕೆಂಬ ತಾಂತ್ರಿಕ ಆಜ್ಞೆಗಳನ್ನು ಈ ವಿಮಾನದಲ್ಲಿ ಪಾಲಿಸಿರಲಿಲ್ಲ, ಆದ್ದರಿಂದ ಅದು ಹಾರಾಟಕ್ಕೆ ಸುರಕ್ಷಿತವಾಗಿತ್ತೆಂದು ಹೇಳುವಂತಿಲ್ಲ. ಹಾರುವ ಮೊದಲು ಹೊರಗಿನ ತಜ್ಞರಿಗೆ ಆಪತ್ಕಾಲದಲ್ಲಿ ಏನು ಮಾಡಬೇಕೆಂಬುದನ್ನು ತಿಳಿಸಿಯೂ ಇರಲಿಲ್ಲ. ಅಂದರೆ ವಿಧವೆಯರು ರುಜುವಾತು ಮಾಡಬೇಕಾಗಿದ್ದ ಸಂಗತಿಯೇ ಆ ಕಾಗದದಲ್ಲಿ ಬರೆದಿತ್ತು.

ಮಕ್ಕಳು 2003ರಲ್ಲಿ ಮತ್ತೆ ಸುಪ್ರೀಂ ಕೋರ್ಟಿನ ಕದ ತಟ್ಟಿದರು, ಕೋರ್ಟು ಕೇಳಲಿಲ್ಲ. ನ್ಯಾಯಾಲಯಕ್ಕೆ ಮೋಸವಾಗಿದೆಯೆಂದು ಕೆಳಗಿನ ಕೋರ್ಟಿನಲ್ಲಿ ಹೊಸದಾಗಿ ವಾದಿಸಿದರು. 2005ರಲ್ಲಿ ಮೇಲ್ಮನವಿಯ ಕೋರ್ಟು ಅದನ್ನೂ ತಳ್ಳಿಹಾಕಿತು. ಬಿ-29ರ ಕಾರ್ಯರೀತಿಯೇ ಆಗ ಗುಟ್ಟೆಂದು ಇಲಾಖೆ ಭಾವಿಸಿದ್ದಿರಬಹುದು, ಮೋಸವೆನ್ನಲಾಗದು ಎಂಬುದು ಅದರ ಅಭಿಪ್ರಾಯ. ಆ ಮಾತನ್ನೂ ನಾವು ತೂಗಿ ನೋಡಬೇಕು. ಶೀತಲ ಸಮರ ಆಗತಾನೆ ಹೊತ್ತಿಕೊಂಡಿತ್ತು. ಅಧಿಕಾರಿಗಳೆಲ್ಲರೂ ಬೇಕೆಂದೇ ಸುಳ್ಳು ಹೇಳಿದರೆಂದು ನಾವು ಹೇಳುವುದಿಲ್ಲ. ದೇಶಕ್ಕೆ ಗುಟ್ಟುಗಳು ಬೇಡವೆಂದೂ ಹೇಳುವುದಿಲ್ಲ. ನಾವು ಹೇಳುವುದಿಷ್ಟೇ: ಗುಟ್ಟಿನ ಬೇಲಿ ಇರುವುದು ಹೊಲವನ್ನು ಕಾಯುವುದಕ್ಕೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಣುವ ಒಂದು ಕಣ್ಣಾದರೂ ಬೇಕು. ಆ ಕಣ್ಣು ನ್ಯಾಯಾಧೀಶನದು. ಒಬ್ಬ ನ್ಯಾಯಾಧೀಶ ಬಾಗಿಲು ಹಾಕಿಕೊಂಡು ಒಂದು ಗಳಿಗೆ ಓದಿದ್ದರೆ, ಐವತ್ತು ವರ್ಷದ ಕತ್ತಲೆ ಉಳಿಯುತ್ತಿತ್ತೇ? ಇನ್ನೂ ದೊಡ್ಡ ಮಾತೊಂದಿದೆ. ಅಪಘಾತದ ವರದಿ ಬರೆಯುವುದು ಸತ್ತವರಿಗಾಗಿ ಅಲ್ಲ, ನಾಳೆ ಹಾರುವವರಿಗಾಗಿ. ತಪ್ಪು ಹೊರಗೆ ಬಾರದೆಂಬ ಭರವಸೆ ಇದ್ದ ಕಡೆ, ತಗಡು ಹಾಕುವ ಕೆಲಸ ನಾಳೆಗೆ ನಿಲ್ಲುತ್ತದೆ.

ನಮ್ಮ ದೇಶಕ್ಕೂ ಈ ಪ್ರಶ್ನೆ ಹೊರಗಿನದಲ್ಲ. 1872ರ ಸಾಕ್ಷ್ಯ ಕಾನೂನಿನ 123ನೆಯ ಕಲಮಿನಂತೆ, ರಾಜ್ಯದ ವ್ಯವಹಾರಗಳ ಅಪ್ರಕಟಿತ ದಾಖಲೆಗಳಿಂದ ಇಲಾಖೆಯ ಮುಖ್ಯಸ್ಥನ ಅನುಮತಿಯಿಲ್ಲದೆ ಸಾಕ್ಷ್ಯ ಕೊಡುವಂತಿರಲಿಲ್ಲ. ಸೋಢಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟೂ ಅಂಥ ದಾಖಲೆಯನ್ನು ನ್ಯಾಯಾಲಯ ತೆರೆದು ನೋಡುವಂತಿಲ್ಲವೆಂದೇ ಹೇಳಿತ್ತು. ಆದರೆ ಇಂಗ್ಲೆಂಡು 1968ರಲ್ಲಿ ತನ್ನ ಹಳೆಯ ನಿಲುವನ್ನು ಬಿಟ್ಟಿತು. ನಮ್ಮಲ್ಲಿ 1975ರ ರಾಜ್ ನಾರಾಯಣ್ ಪ್ರಕರಣ, 1981ರ ಎಸ್. ಪಿ. ಗುಪ್ತ ಪ್ರಕರಣಗಳಿಂದ, ದಾಖಲೆಯನ್ನು ನ್ಯಾಯಾಲಯ ನೋಡಿ ತೂಗಬಹುದು ಎಂಬ ಮಾತು ನೆಲೆಗೊಂಡಿತು. 2005ರ ಮಾಹಿತಿ ಹಕ್ಕಿನ ಕಾನೂನು ರಕ್ಷಣೆಯ ಗುಟ್ಟುಗಳಿಗೆ ವಿನಾಯಿತಿ ಕೊಟ್ಟಿದೆ. ಆದರೆ ಬಹಿರಂಗದಿಂದಾಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದೆಂದೂ ಅದೇ ಕಲಮು ಹೇಳಿದೆ. ಕಾನೂನಿನಲ್ಲಿ ದಾರಿ ಇದೆ, ಕೇಳುವವರು ಬೇಕು.

ಸಭಿಕರೇ, ನಮ್ಮಲ್ಲಿ ಅನೇಕರು ಕಚೇರಿಗಳಲ್ಲಿ ಕಡತಗಳ ನಡುವೆ ಆಯುಸ್ಸು ಕಳೆದವರು. ‘ಗೋಪ್ಯ’ ಎಂಬ ಮುದ್ರೆ ಒತ್ತುವುದು ಎಷ್ಟು ಸುಲಭವೆಂಬುದು ನಮಗೆ ಗೊತ್ತು. ತೆಗೆಯುವುದು ಎಷ್ಟು ಕಷ್ಟವೆಂಬುದೂ ಗೊತ್ತು. ಮುದ್ರೆಯನ್ನು ಕೈಯಲ್ಲಿ ಹಿಡಿದಾಗ, ಈ ಕಾಗದದಿಂದ ನಾವು ಕಾಯುತ್ತಿರುವುದು ದೇಶವನ್ನೋ, ಇಲಾಖೆಯ ಮುಖವನ್ನೋ ಎಂದು ಒಮ್ಮೆ ಕೇಳಿಕೊಂಡರೆ ಸಾಕು. ಅಷ್ಟು ಕೇಳಿಕೊಳ್ಳುವ ಅಭ್ಯಾಸ ನಮ್ಮ ಮಕ್ಕಳಿಗೆ ಬರಲಿ.