ದುರ್ಗದ ನೀರಿನ ದಾರಿ

ಚಿತ್ರದುರ್ಗದ ಕೋಟೆ ನೋಡಿದ್ದೀರಾ ಎಂದು ಕೇಳಿದರೆ ಈ ಸೀಮೆಯಲ್ಲಿ ಇಲ್ಲವೆನ್ನುವವರು ಕಡಿಮೆ. ಶಾಲೆಯ ಪ್ರವಾಸದಲ್ಲಿ ಒಮ್ಮೆ, ಮದುವೆಯಾದ ಹೊಸದರಲ್ಲಿ ಒಮ್ಮೆ, ದೂರದ ನೆಂಟರು ಬಂದಾಗ ಮತ್ತೊಮ್ಮೆ ಹತ್ತಿಯೇ ಇರುತ್ತೀರಿ. ಆದರೆ ಆ ಬಂಡೆಗಳ ನಡುವೆ ಬದುಕಿದ ಅಷ್ಟು ಜನ, ಅಷ್ಟು ಆನೆ ಕುದುರೆ ಕುಡಿದ ನೀರು ಎಲ್ಲಿಂದ ಬಂತು ಎಂದು ಕೇಳಿದರೆ ಥಟ್ಟನೆ ಉತ್ತರ ಬರುವುದಿಲ್ಲ. ಆ ಪ್ರಶ್ನೆಯನ್ನೇ ಬುತ್ತಿಯಂತೆ ಕಟ್ಟಿಕೊಂಡು ದುರ್ಗಕ್ಕೆ ಹೋದರೆ ಏನೇನು ಕಂಡೀತು ಎಂಬುದು ಈ ಹೊತ್ತಿನ ಮಾತು.

ಹೊರಡುವುದು ಜವನಗೊಂಡನಹಳ್ಳಿಯಿಂದಲೇ ಆಗಲಿ. ಶಿರಾ ದಾಟಿ ಹಿರಿಯೂರಿಗೆ ಹೋಗುವ ಹೆದ್ದಾರಿಯ ಊರು ಇದು. ಸುತ್ತ ಬಯಲುಸೀಮೆ. ವರ್ಷದ ಮಳೆ 600 ಮಿಲಿಮೀಟರಿಗೂ ಕಡಿಮೆ. ಅದೂ ಬಂದರೆ ಒಮ್ಮೆಲೇ ಬಂದು ಹೋಗುವ ಮಳೆ. ಇಂಥ ಕಡೆ ನೀರು ಇರುವುದಿಲ್ಲ, ಅದನ್ನು ನಿಲ್ಲಿಸಿಕೊಳ್ಳಬೇಕು. ಇದೇ ಹೋಬಳಿಯಲ್ಲಿ ಸುವರ್ಣಮುಖಿಗೆ ಕಟ್ಟಿದ ಗಾಯತ್ರಿ ಜಲಾಶಯವಿದೆ. ಮುಂದೆ ಹಿರಿಯೂರಿನಲ್ಲಿ ವೇದಾವತಿ, ಅದರ ದಡದಲ್ಲಿ ತೇರುಮಲ್ಲೇಶ್ವರನ ಗುಡಿ. ಆ ಗುಡಿಗೆ ಹೋದವರು ಕೈಮುಗಿದು ಹಾಗೇ ಹಿಂದಿರುಗದೆ ಒಂದು ಗಳಿಗೆ ತಲೆಯೆತ್ತಿ ಛಾವಣಿಯ ಹಳೆಯ ಬಣ್ಣದ ಚಿತ್ರಗಳನ್ನೂ ನೋಡಬೇಕು.

ಹಿರಿಯೂರಿನಿಂದ ಹೊಸದುರ್ಗದ ದಿಕ್ಕಿಗೆ ಸ್ವಲ್ಪ ತಿರುಗಿದರೆ ಮಾರಿಕಣಿವೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ವೇದಾವತಿಗೆ ಅಡ್ಡಲಾಗಿ ಕಲ್ಲುಗಾರೆಯ ಗೋಡೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೆಲಸ ಆರಂಭವಾಗಿ 1907ರಲ್ಲಿ ಮುಗಿಯಿತು. ಮೈಸೂರು ಸಂಸ್ಥಾನದ ರೀಜೆಂಟ್ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಾಣಿವಿಲಾಸ ಸನ್ನಿಧಾನ. ಅವರ ಹೆಸರೇ ಜಲಾಶಯಕ್ಕೂ ಬಂತು. ಈ ನಾಡಿನ ಮಳೆಯ ಸ್ವಭಾವ ತಿಳಿಯಬೇಕಾದರೆ ಇದರ ಕೋಡಿಯ ಲೆಕ್ಕ ಸಾಕು: 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಅಜ್ಜ ಕಂಡದ್ದನ್ನು ಮೊಮ್ಮಗ ಕಂಡಂತಾಯಿತು. 2025ರಲ್ಲಿ ಇನ್ನೊಮ್ಮೆ ತುಂಬಿ ಹರಿಯಿತು. ಈಗ ಭದ್ರೆಯ ನೀರೂ ಇದಕ್ಕೆ ಸೇರುತ್ತದೆನ್ನಿ.

ಇಷ್ಟು ಬಯಲನ್ನು ಕಂಡ ಕಣ್ಣಿನಿಂದ ದುರ್ಗವನ್ನು ನೋಡಬೇಕು. ಅಲ್ಲಿ ನದಿಯಿಲ್ಲ. ಇರುವುದು ಬಂಡೆ, ಬಂಡೆಯ ಮೇಲೆ ಬಂಡೆ. ಏಳು ಸುತ್ತಿನ ಗೋಡೆ, ಬಾಗಿಲುಗಳ ತಿರುವು, ಮದ್ದು ಬೀಸುವ ಕಲ್ಲು, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ, ಇವೆಲ್ಲ ಮಾರ್ಗದರ್ಶಿಗಳ ಬಾಯಲ್ಲಿ ಬರುವಂಥವು. ಇಲ್ಲಿ ವಿಸ್ತರಿಸುವುದು ಬೇಡ. ಬರಿಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿದುಬಿಡುತ್ತದೆ. ಬೇಸಾಯಗಾರನಿಗೆ ಅದು ನಷ್ಟ. ದುರ್ಗ ಕಟ್ಟಿದವರು ಅದನ್ನೇ ಲಾಭಕ್ಕೆ ತಿರುಗಿಸಿದರು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಹೆಚ್ಚಿನ ನೀರು ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ. ಅಲ್ಲಿಂದ ಇಳಿದು ಸಿಹಿನೀರು ಹೊಂಡಕ್ಕೆ. ಕೊನೆಗೆ ಕೋಟೆ ದಾಟಿ ಪೇಟೆಯ ಸಂತೆಹೊಂಡಕ್ಕೆ. ಒಂದೊಂದು ಹೊಂಡದಲ್ಲೂ ಮಣ್ಣು ತಳ ಸೇರಿ ತಿಳಿನೀರು ಮುಂದಕ್ಕೆ ಹೋಗುವ ಏರ್ಪಾಟು. ಬೆಟ್ಟದ ತುದಿಯ ಮಳೆಹನಿ ಸಂತೆಗೆ ಬಂದವನ ಎತ್ತಿಗೆ ಕುಡಿಯಲು ಸಿಗುತ್ತಿತ್ತು.

ಅಕ್ಕ-ತಂಗಿ ಹೊಂಡದ ಬಳಿ ಹೋದವರಿಗೆ, ಕೋಟೆ ಬಿದ್ದಾಗ ಇಬ್ಬರು ರಾಣಿಯರು ಅದಕ್ಕೆ ಹಾರಿದರೆಂಬ ಕತೆಯನ್ನು ಹೇಳುತ್ತಾರೆ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹೇಳುವವರಿಲ್ಲ. ಓಬವ್ವನ ಕಿಂಡಿಯಲ್ಲೂ ಹೀಗೆಯೇ. 1972ರ ‘ನಾಗರಹಾವು’ ಚಿತ್ರ ಬಂದ ಮೇಲಂತೂ ಒನಕೆ ಹಿಡಿದ ಓಬವ್ವ ಮನೆಮಾತು. ಅವಳು ಆ ಹೊತ್ತಿನಲ್ಲಿ ಕಿಂಡಿಯ ಬಳಿ ಏಕಿದ್ದಳು? ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ಕುಡಿಯಲು ನೀರಿರಲಿಲ್ಲ, ತರಲು ಹೋದಳು. ಆ ತಣ್ಣೀರು ದೋಣಿ ಈಗಲೂ ಕಿಂಡಿಯ ಹತ್ತಿರವೇ ಇದೆ. ಜನ ಒನಕೆಯನ್ನು ನೆನಪಿಟ್ಟುಕೊಂಡರು, ಕೊಡವನ್ನು ಮರೆತರು. ಹೈದರಾಲಿಯಂಥ ಸೇನಾನಿಗೂ ಈ ಕೋಟೆ ಒಂದೇ ಏಟಿಗೆ ದಕ್ಕಲಿಲ್ಲ. ಮತ್ತೆ ಮತ್ತೆ ಬರಬೇಕಾಯಿತು, ಕೈವಶವಾದದ್ದು 1779ರಲ್ಲಿ. ಮುತ್ತಿಗೆಯನ್ನು ತಡೆಯಲು ಗೋಡೆ ಎಷ್ಟು ಬೇಕೋ ಒಳಗಿನ ನೀರೂ ಅಷ್ಟೇ ಬೇಕಷ್ಟೆ.

ದೂರದ ಒಂದು ಊರಿನ ಮಾತು ಇಲ್ಲಿ ಬರಲಿ. ಇಂಗ್ಲೆಂಡಿನ ಸಾಮರ್‌ಸೆಟ್ ಸೀಮೆಯಲ್ಲಿ ವೆಲ್ಸ್ ಎಂಬ ಪಟ್ಟಣವಿದೆ. ಬಿಷಪ್ಪರ ಪೀಠವಿರುವ ದೊಡ್ಡ ಇಗರ್ಜಿಗೆ ಅಲ್ಲಿ ಕೆಥೆಡ್ರಲ್ ಎನ್ನುತ್ತಾರೆ. ವೆಲ್ಸಿನ ಕೆಥೆಡ್ರಲ್ 12ನೆಯ ಶತಮಾನದಲ್ಲಿ ಆರಂಭವಾದದ್ದು. ಅದರ ಮುಂಭಾಗದ ಶಿಲ್ಪಗಳನ್ನು ನೋಡಲು ದೇಶದೇಶದ ಜನ ಬರುತ್ತಾರೆ. ಊರಿನ ಹೆಸರು ಮಾತ್ರ ಇಗರ್ಜಿಯಿಂದ ಬಂದದ್ದಲ್ಲ. ಬಿಷಪ್ಪರ ಅರಮನೆಯ ತೋಟದಲ್ಲಿ ಉಕ್ಕುವ ಬುಗ್ಗೆಗಳೇ ‘ವೆಲ್ಸ್’. ಆ ನೀರೇ ಅರಮನೆಯ ಕಂದಕವನ್ನು ತುಂಬುತ್ತದೆ. 1451ರಲ್ಲಿ ಬೆಕಿಂಗ್ಟನ್ ಎಂಬ ಬಿಷಪ್ ಆ ನೀರಿನಲ್ಲಿ ಊರವರಿಗೂ ಪಾಲು ಕೊಟ್ಟ. ಪ್ರತಿಯಾಗಿ ಕೇಳಿದ್ದು ಇಷ್ಟೇ: ವರ್ಷಕ್ಕೊಮ್ಮೆ ಅವನ ಗೋರಿಯ ಬಳಿಗೆ ಬಂದು ಅವನ ಆತ್ಮಕ್ಕಾಗಿ ಪ್ರಾರ್ಥಿಸಬೇಕು. ಇಂದಿಗೂ ಅಲ್ಲಿನ ದೊಡ್ಡ ಬೀದಿಯ ಅಂಚಿನ ಕಿರುಗಾಲುವೆಯಲ್ಲಿ ಆ ನೀರು ಹರಿಯುತ್ತದೆ. ಕೆಥೆಡ್ರಲ್ ನೋಡಲು ಬಂದವರು ಬೀದಿಯಲ್ಲಿ ನೀರಿನ ಸದ್ದು ಕೇಳಿ, ಅದರ ಮೂಲವನ್ನು ಹುಡುಕಿಕೊಂಡು ಅರಮನೆಯ ತೋಟದವರೆಗೂ ಹೋಗುತ್ತಾರೆ. ದಾನವೂ ಉಳಿಯಿತು, ದಾನದ ನೆನಪೂ ಉಳಿಯಿತು.

ವೆಲ್ಸ್ ಬುಗ್ಗೆಯ ಊರು, ದುರ್ಗ ಬರದ ಊರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂದು ಯಾರಾದರೂ ಆಕ್ಷೇಪಿಸಿದರೆ ಆ ಮಾತು ನಿಜವೇ. ಅಲ್ಲಿ ನೆಲವೇ ಕೊಟ್ಟದ್ದನ್ನು ಹಂಚಿದರು. ಇಲ್ಲಿ ಆಕಾಶ ಅಪರೂಪಕ್ಕೆ ಕೊಟ್ಟದ್ದನ್ನು ಹಿಡಿದಿಟ್ಟರು. ಹಿಡಿದಿಡುವ ಕೆಲಸವೇ ಕಷ್ಟದ್ದು. ಹಾಗಿದ್ದೂ ದುರ್ಗಕ್ಕೆ ಬಂದವರು ಟಿಕೆಟ್ಟು ಕೊಂಡು, ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು, ಬಸ್ಸಿನ ಹೊತ್ತಾಯಿತೆಂದು ಇಳಿಯುತ್ತಾರೆ. ಸಂತೆಹೊಂಡದವರೆಗೆ ನಡೆದು ಹೋಗಿ, ಇದು ಮೇಲಿನ ಗೋಪಾಲಸ್ವಾಮಿ ಹೊಂಡದ ತಮ್ಮ ಎಂದು ಗುರುತು ಹಿಡಿಯುವವರು ನೂರಕ್ಕೆ ಒಬ್ಬರಿದ್ದರೆ ಹೆಚ್ಚು. ಗುರುತು ತಪ್ಪಿದ ಹೊಂಡ ಬಹುಬೇಗ ಕಸದ ಗುಂಡಿಯಾಗುತ್ತದೆಂಬುದನ್ನು ಈ ಜಿಲ್ಲೆಯ ಯಾವ ಊರಿನವರಿಗೂ ಹೇಳಿಕೊಡಬೇಕಾಗಿಲ್ಲ. ಕೆರೆಯಂಗಳ ಒಣಗಿ, ಕೊಳವೆಬಾವಿ ಆಳಕ್ಕೆ ಇಳಿದದ್ದನ್ನು ಕಂಡವರೇ ಎಲ್ಲರೂ.

ಇಳಿದ ಮೇಲೆ ಇನ್ನೊಂದು ಜಾಗ ಉಳಿಯುತ್ತದೆ. ಬೆಟ್ಟಸಾಲಿನ ಮಗ್ಗುಲಲ್ಲಿ ಚಂದ್ರವಳ್ಳಿ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆಸಿ ನೋಡಿದ ನೆಲ. ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ನಾಣ್ಯಗಳೂ ಸಿಕ್ಕ ಕಡೆ. ಅಲ್ಲಿ ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ನಾಲ್ಕನೆಯ ಶತಮಾನದ್ದು, ಪ್ರಾಕೃತ ಭಾಷೆಯಲ್ಲಿ ಮೂರೇ ಸಾಲು. ಆತ ಗೆದ್ದವರ ಪಟ್ಟಿ ಅದರಲ್ಲಿದೆ: ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸೇಂದ್ರಕ, ಪುನ್ನಾಟ, ಮೌಖರಿ. ಆದರೆ ಆ ಹೆಸರುಗಳು ಬರುವುದು ಆಮೇಲೆ. ಶಾಸನ ಮೊದಲು ಹೇಳುವುದು, ಕದಂಬರ ಮಯೂರಶರ್ಮನು ಈ ಕೆರೆಯನ್ನು ಕಟ್ಟಿಸಿದನು ಎಂದು.